ಶಕ್ತಿ ಏರಿತು, ತೂಕ ಅದನ್ನು ನುಂಗಿತು: ಎಂ5 ಕಾರಿನ ಎಂಜಿನ್ ನಡೆದು ಬಂದ ದಾರಿ

2024ರ ಜೂನ್‌ನಲ್ಲಿ ಬಿಎಂಡಬ್ಲ್ಯು ತನ್ನ ಹೊಸ ಎಂ5 ಕಾರನ್ನು ಅನಾವರಣ ಮಾಡಿದಾಗ ಅದರ ಶಕ್ತಿಗಿಂತ ಹೆಚ್ಚು ಚರ್ಚೆಯಾದದ್ದು ಅದರ ತೂಕ. ಎಂಟು ಸಿಲಿಂಡರಿನ ಟರ್ಬೋ ಎಂಜಿನ್ ಮತ್ತು ವಿದ್ಯುತ್ ಮೋಟರ್ ಸೇರಿ 727 ಅಶ್ವಶಕ್ತಿ, 1,000 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಎಂ5 ಹೆಸರಿನ ಯಾವ ಕಾರಿಗೂ ಅದುವರೆಗೆ ಇಷ್ಟು ಬಲ ಇರಲಿಲ್ಲ. ಆದರೆ ಯಾರೂ ಕೂರದ ಕಾರೇ 2,435 ಕೆ.ಜಿ. ತೂಗುತ್ತದೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಕಂಪನಿಯೇ ಕೊಟ್ಟ ಅಂಕಿ 3.5 ಸೆಕೆಂಡ್. ಹಿಂದಿನ ಪೀಳಿಗೆಯ ಎಂ5 ಕಾಂಪಿಟಿಷನ್ 625 ಅಶ್ವಶಕ್ತಿಯಲ್ಲೇ 3.3 ಸೆಕೆಂಡಿನಲ್ಲಿ ಅಲ್ಲಿಗೆ ತಲುಪುತ್ತಿತ್ತು. ನೂರಕ್ಕೂ ಹೆಚ್ಚು ಅಶ್ವಶಕ್ತಿ ಸೇರಿಸಿದ ಮೇಲೆ ಕಾರು ನಿಧಾನವಾಯಿತು.

ಇದನ್ನು ಒಂದು ಕಂಪನಿಯ ತಪ್ಪು ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. ಎಂಜಿನ್ ಹೇಗಿರಬೇಕು ಎಂಬುದನ್ನು ಎಂಜಿನಿಯರ್‌ಗಳು ಮಾತ್ರ ತೀರ್ಮಾನಿಸುವುದಿಲ್ಲ. ಹೊಗೆಯ ಕಾನೂನು, ತೆರಿಗೆ, ಇಂಧನ ಬಳಕೆಯನ್ನು ಅಳೆಯುವ ಪರೀಕ್ಷೆ, ಇವೆಲ್ಲ ಸೇರಿ ಅದನ್ನು ರೂಪಿಸುತ್ತವೆ. ಈ ನಿಯಮಗಳು ಏನನ್ನು ಅಳೆದವೋ ಅದನ್ನು ಎಂಜಿನಿಯರ್‌ಗಳು ಬೆರಗಾಗುವಷ್ಟು ಸುಧಾರಿಸಿದ್ದಾರೆ. ಅಳೆಯದೆ ಬಿಟ್ಟದ್ದು ತೂಕ. ಅದು ಬೆಳೆಯುತ್ತಲೇ ಹೋಗಿದೆ. ಎಂ5 ಕಾರನ್ನು ಮುಂದಿಟ್ಟುಕೊಂಡರೆ ಈ ಕಥೆ ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕು ಬಾಗಿಲಿನ ಕುಟುಂಬದ ಕಾರಿಗೆ ರೇಸಿನ ಎಂಜಿನ್ ಕೂರಿಸುವುದು ಅದರ ಉದ್ದೇಶ. ನಾಲ್ಕು ದಶಕಗಳಲ್ಲಿ ಏಳು ಪೀಳಿಗೆಗಳು ಬಂದವು. ಆ ಉದ್ದೇಶ ಬದಲಾಗಲಿಲ್ಲ, ಎಂಜಿನ್ ಮಾತ್ರ ಆಯಾ ಕಾಲಕ್ಕೆ ತಕ್ಕಂತೆ ಪೂರ್ತಿ ಬದಲಾಯಿತು.

ಎಂಜಿನ್ ಮೂಲತಃ ಗಾಳಿಯನ್ನು ಸೇದಿ ಹೊರಹಾಕುವ ಪಂಪು. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು. ಅದಕ್ಕೆ ತಕ್ಕಷ್ಟು ಗಾಳಿಯನ್ನು ಸಿಲಿಂಡರಿನೊಳಗೆ ತುಂಬುವುದೇ ಕಷ್ಟ. ಅದಕ್ಕೆ ಇರುವ ದಾರಿಗಳು ಮೂರು. ಸಿಲಿಂಡರನ್ನು ದೊಡ್ಡದು ಮಾಡಬೇಕು, ಇಲ್ಲವೇ ನಿಮಿಷಕ್ಕೆ ಹೆಚ್ಚು ಸುತ್ತು ತಿರುಗಿಸಬೇಕು, ಇಲ್ಲವೇ ಟರ್ಬೋ ಮಾಡುವಂತೆ ಗಾಳಿಯನ್ನು ಒತ್ತಿ ತುರುಕಬೇಕು. ವೇಗದ ಕಾರುಗಳ ಇಡೀ ಚರಿತ್ರೆ ಈ ಮೂರರ ನಡುವಿನ ಓಡಾಟ.

ಮೊದಲ ಎಂ5 ಬಂದದ್ದು 1980ರ ದಶಕದ ನಡುವಿನಲ್ಲಿ. ಅದರ 3,453 ಸಿಸಿಯ ಆರು ಸಿಲಿಂಡರಿನ ಎಂಜಿನ್‌ನ ಮೂಲ 1978ರ ಎಂ1 ಎಂಬ ಸೂಪರ್‌ಕಾರಿನದು. ಸಿಲಿಂಡರಿಗೆ ನಾಲ್ಕು ಕವಾಟ, ಪ್ರತಿ ಸಿಲಿಂಡರಿಗೂ ಅದರದೇ ಥ್ರಾಟಲ್ (ಒಳಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಕದ). ಆ ಕಾಲದ ಬಿಎಂಡಬ್ಲ್ಯು ಎಂಜಿನ್‌ಗಳ ಹಿಂದಿದ್ದ ಪಾಲ್ ರೋಶೆ ಅವರ ಕೈಚಳಕ ಇದರಲ್ಲೂ ಇತ್ತು. 286 ಅಶ್ವಶಕ್ತಿ, 1,430 ಕೆ.ಜಿ. ತೂಕ, ಗಂಟೆಗೆ 245 ಕಿ.ಮೀ. ವೇಗ. ನೋಡಲು ಯಾವುದೋ ಕಚೇರಿಯ ಅಧಿಕಾರಿ ಓಡಾಡುವ ಕಾರಿನಂತಿದ್ದ ಅದು, ಆ ಹೊತ್ತಿನ ಅನೇಕ ಸ್ಪೋರ್ಟ್ಸ್ ಕಾರುಗಳನ್ನು ಹಿಂದಿಕ್ಕುತ್ತಿತ್ತು.

ಆ 286ರ ಮಹತ್ವ ತಿಳಿಯಬೇಕಾದರೆ ಅದಕ್ಕಿಂತ ಹತ್ತು ವರ್ಷ ಹಿಂದೆ ಅಟ್ಲಾಂಟಿಕ್‌ನ ಆಚೆ ಏನಾಗಿತ್ತು ಎಂದು ನೋಡಬೇಕು. ಅಮೆರಿಕದಲ್ಲಿ 1970ರ ಶುದ್ಧ ಗಾಳಿ ಕಾನೂನು ಬಂತು, 1973ರಲ್ಲಿ ತೈಲ ಬಿಕ್ಕಟ್ಟು ಬಂತು, 1975ರ ಮಾದರಿಗಳಿಗೆ ಹೊಗೆಯ ವಿಷವನ್ನು ತೊಳೆಯುವ ಕೆಟಲಿಟಿಕ್ ಕನ್ವರ್ಟರ್ ಬಂತು. ಅದೇ ವರ್ಷದ ಶೆವ್ರೊಲೆ ಕಾರ್ವೆಟ್‌ನ 5.7 ಲೀಟರ್ ವಿ8 (ಎರಡು ಸಾಲಿನಲ್ಲಿ ಎಂಟು ಸಿಲಿಂಡರ್) ಎಂಜಿನ್ ಮೂಲ ಆವೃತ್ತಿಯಲ್ಲಿ ಕೊಡುತ್ತಿದ್ದದ್ದು 165 ಅಶ್ವಶಕ್ತಿ. ಅಷ್ಟು ದೊಡ್ಡ ಎಂಜಿನ್‌ಗೆ ಅದು ಏನೇನೂ ಅಲ್ಲ. ವೇಗದ ಕಾರುಗಳ ಕಾಲ ಮುಗಿಯಿತು ಎಂದು ಆಗ ಬಹಳ ಮಂದಿ ನಂಬಿದ್ದರು.

ಆದರೆ ಆದದ್ದು ತದ್ವಿರುದ್ಧ. ಹೊಗೆಯ ಮೂರು ಮುಖ್ಯ ವಿಷಗಳನ್ನೂ ಒಟ್ಟಿಗೆ ತೊಳೆಯುವ ಕನ್ವರ್ಟರ್ ಕೆಲಸ ಮಾಡಬೇಕಾದರೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಆ 14.7ರ ಆಸುಪಾಸಿನಲ್ಲೇ ಕರಾರುವಾಕ್ಕಾಗಿ ಇರಬೇಕು. ಗಾಳಿ ಮತ್ತು ಪೆಟ್ರೋಲನ್ನು ಬೆರೆಸುತ್ತಿದ್ದ ಹಳೆಯ ಸಾಧನವಾದ ಕಾರ್ಬ್ಯುರೇಟರ್‌ಗೆ ಆ ನಿಖರತೆ ಸಾಧ್ಯವಿರಲಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸಂವೇದಕವನ್ನು ಬಾಷ್ ಕಂಪನಿ 1976ರಲ್ಲಿ ಕಾರಿಗೆ ತಂದಿತು. ಇಂಧನ ಚಿಮ್ಮಿಸುವುದನ್ನೂ ಕಿಡಿ ಹಾರಿಸುವುದನ್ನೂ ಒಂದೇ ಕಂಪ್ಯೂಟರಿಗೆ ಒಪ್ಪಿಸಿದ ಅದರ ಮೋಟ್ರಾನಿಕ್ ವ್ಯವಸ್ಥೆ 1979ರಲ್ಲಿ ಬಿಎಂಡಬ್ಲ್ಯು ಕಾರಿನಲ್ಲಿ ಕಾಣಿಸಿಕೊಂಡಿತು. ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪ್ ತಯಾರಿಸುತ್ತ ಬಂದು, ಇಂದಿಗೂ ಊರಿನವರ ಬಾಯಲ್ಲಿ ಮೈಕೋ ಆಗಿಯೇ ಉಳಿದಿರುವ ಸಂಸ್ಥೆಯ ಮೂಲ ಕಂಪನಿ ಇದೇ. ಹೊಗೆ ತಗ್ಗಿಸಲೆಂದು ಬಂದ ಈ ಎಲೆಕ್ಟ್ರಾನಿಕ್ಸ್ ಎಂಜಿನ್‌ಗೆ ಹಿಂದೆಂದೂ ಇಲ್ಲದ ಹಿಡಿತ ಕೊಟ್ಟಿತು. ಆ ಹಿಡಿತದಿಂದಲೇ ಕಳೆದುಹೋದ ಶಕ್ತಿ ಮರಳಿತು, ಮರಳಿದ್ದಷ್ಟೇ ಅಲ್ಲ, ಹಳೆಯ ಮಟ್ಟವನ್ನು ಮೀರಿತು. ಕಠಿಣ ಕಾನೂನು ಒಳ್ಳೆಯ ಎಂಜಿನ್‌ಗೆ ಶತ್ರು ಎಂಬ ಮಾತನ್ನು ನಾನು ಒಪ್ಪದಿರಲು ಈ ಹದಿನೈದು ವರ್ಷಗಳೇ ಸಾಕ್ಷಿ. ಕಾನೂನು ಅಳೆದದ್ದು ಹೊಗೆಯ ಕೊಳವೆಯಿಂದ ನಿಜವಾಗಿ ಹೊರಬರುವ ವಿಷವನ್ನು. ಆದ್ದರಿಂದ ಸುಧಾರಿಸಿದ್ದೂ ಅದೇ.

1989ರಲ್ಲಿ ಹೋಂಡಾ ವಿಟೆಕ್ ತಂದಿತು. ಕಡಿಮೆ ವೇಗಕ್ಕೆ ಒಂದು, ಹೆಚ್ಚಿನ ವೇಗಕ್ಕೆ ಇನ್ನೊಂದು ಎಂದು ಕವಾಟ ತೆರೆಯುವ ಎರಡು ಬಗೆಯ ಕ್ಯಾಮ್‌ಗಳು. ಟರ್ಬೋ ನೆರವಿಲ್ಲದ 1.6 ಲೀಟರ್ ಎಂಜಿನ್‌ನಿಂದ 160 ಅಶ್ವಶಕ್ತಿ, ಅಂದರೆ ಲೀಟರಿಗೆ ನೂರು. ಸಾಮಾನ್ಯರು ಕೊಳ್ಳುವ ಕಾರಿನಲ್ಲಿ ಅದೊಂದು ಗಡಿ ದಾಟಿದ ಕ್ಷಣ. ಎಂ5 ಕೂಡ ಈ ಹೊತ್ತಿಗೆ ಎರಡನೇ ಪೀಳಿಗೆಯಲ್ಲಿ 315, ನಂತರ 340 ಅಶ್ವಶಕ್ತಿಗೆ ಏರಿತ್ತು. 1998ರ ಮೂರನೇ ಪೀಳಿಗೆಯಲ್ಲಿ ಆರು ಸಿಲಿಂಡರ್ ಹೋಗಿ 4.9 ಲೀಟರ್ ವಿ8 ಬಂತು: 400 ಅಶ್ವಶಕ್ತಿ, 1,795 ಕೆ.ಜಿ., ಕೈಯಲ್ಲಿ ಹಾಕುವ ಆರು ಗೇರು ಮಾತ್ರ. ಇಂದಿಗೂ ಎಂ5 ಪೈಕಿ ಯಾವುದು ಶ್ರೇಷ್ಠ ಎಂಬ ವಾದ ಎದ್ದರೆ ಹೆಚ್ಚು ಮಂದಿ ಇದರ ಕಡೆಗೇ ನಿಲ್ಲುತ್ತಾರೆ.

ಹತ್ತು ಸಿಲಿಂಡರಿನ ಎಂಜಿನ್

2005ರಲ್ಲಿ ರಸ್ತೆಗೆ ಬಂದ ನಾಲ್ಕನೇ ಎಂ5 ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಆಗ ಬಿಎಂಡಬ್ಲ್ಯು ಫಾರ್ಮುಲಾ ಒನ್‌ನಲ್ಲಿ ವಿಲಿಯಮ್ಸ್ ತಂಡಕ್ಕೆ ವಿ10 ಎಂಜಿನ್ ಕೊಡುತ್ತಿತ್ತು. ಅದೇ ಹುರುಪಿನಲ್ಲಿ ನಾಲ್ಕು ಬಾಗಿಲಿನ ಕಾರಿಗೂ ಐದು ಲೀಟರಿನ ವಿ10 ಕೂರಿಸಿದರು. 507 ಅಶ್ವಶಕ್ತಿ, ಅದೂ 7,750 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು). ಕೆಂಪು ಗೆರೆ, ಅಂದರೆ ಎಂಜಿನ್ ದಾಟಬಾರದ ಮಿತಿ, 8,250ರಲ್ಲಿ.

ಈ ಸಂಖ್ಯೆಗಳ ಒಳಗೆ ಏನು ನಡೆಯುತ್ತಿತ್ತು ನೋಡಿ. ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಚಲಿಸುವ ದೂರ 75.2 ಮಿಲಿಮೀಟರ್. 8,250 ಆರ್‌ಪಿಎಂನಲ್ಲಿ ಪ್ರತಿ ಪಿಸ್ಟನ್ ಸೆಕೆಂಡಿಗೆ 275 ಸಲ ಪೂರ್ತಿ ನಿಂತು ದಿಕ್ಕು ಬದಲಿಸುತ್ತದೆ. ಆ ನಿಲ್ಲುವಿಕೆಗಳ ನಡುವೆ ಅದರ ಸರಾಸರಿ ವೇಗ ಸೆಕೆಂಡಿಗೆ 20 ಮೀಟರ್‌ಗೂ ಹೆಚ್ಚು. ಪಿಸ್ಟನ್‌ಗೆ ಜೋಡಿಸಿಕೊಂಡು ಹೀಗೆ ಎಳೆದಾಡಿಸಿಕೊಳ್ಳುವ ಕನೆಕ್ಟಿಂಗ್ ರಾಡ್ ಮತ್ತು ಅದರ ಬೇರಿಂಗ್‌ಗಳ ಮೇಲೆ ಬೀಳುವ ಒತ್ತಡ ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವರ್ಷಗಳು ಕಳೆದಂತೆ ಈ ಎಂಜಿನ್‌ನ ರಾಡ್ ಬೇರಿಂಗ್ ಸವೆತ ಮಾಲೀಕರ ದೊಡ್ಡ ಚಿಂತೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಹತ್ತು ಸಿಲಿಂಡರಿಗೆ ಹತ್ತು ಥ್ರಾಟಲ್. ಸಾಮಾನ್ಯ ಕಾರಿನಲ್ಲಿ ಥ್ರಾಟಲ್ ಒಂದೇ. ಆಕ್ಸಿಲರೇಟರ್ ತುಳಿದಾಗ ಅದು ತೆರೆದು, ಅಲ್ಲಿಂದಾಚೆಗಿನ ಉದ್ದನೆಯ ಕೊಳವೆಗಳನ್ನೆಲ್ಲ ಗಾಳಿ ತುಂಬಿಕೊಂಡ ಮೇಲೆ ಸಿಲಿಂಡರಿಗೆ ಸುದ್ದಿ ಮುಟ್ಟುತ್ತದೆ. ಕವಾಟದ ಹತ್ತಿರವೇ ಥ್ರಾಟಲ್ ಇದ್ದರೆ ಆ ಕಾಯುವಿಕೆ ಇಲ್ಲ. ಪಾದ ಅಲುಗಿದೊಡನೆ ಎಂಜಿನ್ ಅಲುಗುತ್ತದೆ. ಇನ್ನೊಂದು ಸೂಕ್ಷ್ಮವೂ ಇತ್ತು: ಸ್ಪಾರ್ಕ್ ಪ್ಲಗ್‌ಗಳು ಕಿಡಿ ಹಾರಿಸಿದ ಮರುಕ್ಷಣವೇ ಸಂವೇದಕಗಳಾಗಿ, ಸಿಲಿಂಡರಿನೊಳಗಿನ ಅಯಾನುಗಳ ಪ್ರವಾಹವನ್ನು ಅಳೆದು, ಇಂಧನ ಸರಿಯಾಗಿ ಉರಿಯಿತೇ ಅಥವಾ ಅಕಾಲದಲ್ಲಿ ಸಿಡಿಯಿತೇ ಎಂದು ಕಂಪ್ಯೂಟರಿಗೆ ತಿಳಿಸುತ್ತಿದ್ದವು. ಇಷ್ಟೆಲ್ಲ ಇದ್ದೂ ಕಾರಿನ ತೂಕ 1,755 ಕೆ.ಜಿ., ಹಿಂದಿನದಕ್ಕಿಂತ ಕಡಿಮೆ.

ಬೆಲೆಯೂ ಇತ್ತು. ಗರಿಷ್ಠ ಟಾರ್ಕ್ 520 ನ್ಯೂಟನ್ ಮೀಟರ್ ಸಿಗುತ್ತಿದ್ದದ್ದು 6,100 ಆರ್‌ಪಿಎಂನಲ್ಲಿ; ಪಟ್ಟಣದ ದಟ್ಟಣೆಯಲ್ಲಿ ಆ ಎಂಜಿನ್ ಅರ್ಧ ನಿದ್ದೆಯಲ್ಲಿರುತ್ತಿತ್ತು. ಪರೀಕ್ಷೆಯಲ್ಲಿ 100 ಕಿ.ಮೀ.ಗೆ 14.8 ಲೀಟರ್ ಪೆಟ್ರೋಲ್, ಅಂದರೆ ಲೀಟರಿಗೆ ಏಳು ಕಿ.ಮೀ. ಮೈಲೇಜ್ ಕೂಡ ಇಲ್ಲ. ಕಿಲೋಮೀಟರಿಗೆ 357 ಗ್ರಾಂ ಇಂಗಾಲದ ಡೈಆಕ್ಸೈಡ್. 2009ರಲ್ಲಿ ಐರೋಪ್ಯ ಒಕ್ಕೂಟ ಕಾನೂನು ತಂದು, 2015ಕ್ಕೆ ಹೊಸ ಕಾರುಗಳ ಸರಾಸರಿ 130 ಗ್ರಾಂಗೆ ಇಳಿಯಬೇಕು, ಆಮೇಲೆ 95ಕ್ಕೆ ಇಳಿಯಬೇಕು ಎಂದು ಗೊತ್ತುಮಾಡಿತು. ಗುರಿ ಮೀರಿದ ಪ್ರತಿ ಗ್ರಾಂಗೆ, ಮಾರಿದ ಪ್ರತಿ ಕಾರಿನ ಲೆಕ್ಕದಲ್ಲಿ ದಂಡ. 95ರ ಹಂತ ಬರುವ ಹೊತ್ತಿಗೆ ಅದು 95 ಯೂರೋ. ಇಂಥ ಲೆಕ್ಕದಲ್ಲಿ ವಿ10 ಉಳಿಯುವ ಮಾತೇ ಇರಲಿಲ್ಲ.

ಟರ್ಬೋ ಮತ್ತು ಪರೀಕ್ಷೆಯ ರೋಲರ್

ಹೊರಹೋಗುವ ಬಿಸಿ ಹೊಗೆಯಿಂದ ಟರ್ಬೈನ್ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್‌ಗೆ ಗಾಳಿ ತುರುಕುವ ಟರ್ಬೋ ಹೊಸದೇನಲ್ಲ. ಅಮೆರಿಕದಲ್ಲಿ 1962ರಲ್ಲೇ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕಾರ್ವೇರ್ ಕಾರುಗಳಿಗೆ ಅದು ಬಂದಿತ್ತು. ಬಿಎಂಡಬ್ಲ್ಯು 1973ರಲ್ಲಿ 2002 ಟರ್ಬೋ ತಂದದ್ದು ಸರಿಯಾಗಿ ತೈಲ ಬಿಕ್ಕಟ್ಟಿನ ಹೊತ್ತಿಗೆ. ಎರಡು ಸಾವಿರ ಕಾರೂ ಆಗದೆ ನಿಂತಿತು. 1975ರ ಪೋರ್ಷ 911 ಟರ್ಬೋ ಹೆಸರು ಮಾಡಿತು, ಜೊತೆಗೆ ಚಾಲಕರನ್ನು ಹೆದರಿಸಿತು: ಆಕ್ಸಿಲರೇಟರ್ ತುಳಿದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಎಲ್ಲವೂ ಒಮ್ಮೆಲೇ ಆಗುತ್ತದೆ, ಅದೂ ತಿರುವಿನ ನಡುವೆ. 1983ರಲ್ಲಿ ನೆಲ್ಸನ್ ಪಿಕೆ ಟರ್ಬೋ ಎಂಜಿನ್‌ನಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದ ಮೊದಲಿಗ. ಆ ಎಂಜಿನ್ ಬಿಎಂಡಬ್ಲ್ಯುನ ಸಾಮಾನ್ಯ ಕಾರಿನ ಬ್ಲಾಕಿನಿಂದ ಬೆಳೆಸಿದ 1.5 ಲೀಟರಿನದು. ಶಕ್ತಿ ಹೇರಳವಾಗಿತ್ತು. ರಸ್ತೆಯ ಕಾರಿಗೆ ಬೇಕಾದ ಸೌಮ್ಯತೆ ಇರಲಿಲ್ಲ.

2011ರ ಐದನೇ ಎಂ5 ಹೊತ್ತಿಗೆ ಆ ಕೊರತೆ ಬಹುಮಟ್ಟಿಗೆ ನೀಗಿತ್ತು. 4.4 ಲೀಟರ್ ವಿ8ರ ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲೇ ಎರಡು ಟರ್ಬೋಗಳನ್ನು ಕೂರಿಸಿದರು. ಹೊಗೆ ಹೊರಬಿದ್ದ ಜಾಗಕ್ಕೂ ಟರ್ಬೈನ್‌ಗೂ ನಡುವೆ ಅಂತರ ಕಡಿಮೆ, ಆದ್ದರಿಂದ ಬಿಸಿಯೂ ವೇಗವೂ ಪೋಲಾಗುವುದಿಲ್ಲ. ಎರಡೂ ಸಾಲಿನ ಹೊಗೆಯ ಕೊಳವೆಗಳನ್ನು ಒಂದಕ್ಕೊಂದು ಹೆಣೆದು, ಟರ್ಬೈನ್‌ಗೆ ಸಮನಾದ ಅಂತರದಲ್ಲಿ ಹೊಡೆತ ಬೀಳುವಂತೆ ಮಾಡಿದರು. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಚಕ್ರ ಬೇಗ ಎಚ್ಚರಗೊಳ್ಳುವುದು ಇಂಥ ಸಣ್ಣ ಸಣ್ಣ ಜಾಣ್ಮೆಗಳಿಂದ. ಫಲ: 560 ಅಶ್ವಶಕ್ತಿ, 680 ನ್ಯೂಟನ್ ಮೀಟರ್ ಟಾರ್ಕ್, 1,500 ಆರ್‌ಪಿಎಂನಿಂದಲೇ. ವಿ10ರಲ್ಲಿ ಕೆಂಪು ಗೆರೆಯ ಹತ್ತಿರ ಹೋಗಿ ಗಳಿಸಬೇಕಾಗಿದ್ದ ಬಲ ಇಲ್ಲಿ ಸಿಗ್ನಲ್ ಬಿಟ್ಟೊಡನೆ ಕೈಗೆ ಬಂತು. ಕಾಗದದ ಮೇಲೆ ಇಂಗಾಲ 357ರಿಂದ 232 ಗ್ರಾಂಗೆ, ಮೂರನೇ ಒಂದರಷ್ಟು ಇಳಿಯಿತು.

ಕಳೆದುಕೊಂಡದ್ದೂ ಇದೆ. ಟರ್ಬೈನ್ ಹೊಗೆಯ ಶಕ್ತಿಯನ್ನು ಹೀರಿಕೊಂಡಂತೆ ಎಂಜಿನ್‌ನ ಸದ್ದನ್ನೂ ಹೀರಿಕೊಳ್ಳುತ್ತದೆ. ಅದನ್ನು ತುಂಬಿಕೊಡಲು ಈ ಎಂ5ನಲ್ಲಿ ಎಂಜಿನ್‌ನ ಸದ್ದನ್ನು ಸ್ಪೀಕರ್‌ಗಳ ಮೂಲಕ ಒಳಗೆ ನುಡಿಸಿದರು. ವಿ10 ಕೇಳಿದ್ದವರಿಗೆ ಅದು ಸಮಾಧಾನ ಕೊಡಲಿಲ್ಲ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಬೇರೆಯಿತ್ತು: ಪರೀಕ್ಷೆಯ ಅಂಕಿಗೂ ರಸ್ತೆಯ ಅಂಕಿಗೂ ನಡುವಿನ ಬಿರುಕು.

ಆಗಿನ ಯುರೋಪಿನ ಪರೀಕ್ಷೆಯಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ 20 ನಿಮಿಷ ಓಡಿಸುತ್ತಿದ್ದರು, ಒಟ್ಟು 11 ಕಿ.ಮೀ. ಅದರಲ್ಲಿ ಗಂಟೆಗೆ 50 ಕಿ.ಮೀ. ವೇಗ ಮುಟ್ಟಲು 26 ಸೆಕೆಂಡ್ ಸಮಯವಿತ್ತು. ಸೈಕಲ್ ಬಿಟ್ಟವರಿಗೂ ಗೊತ್ತು, ರಸ್ತೆಯಲ್ಲಿ ಯಾರೂ ಅಷ್ಟು ನಿಧಾನವಾಗಿ ವೇಗ ಹೆಚ್ಚಿಸುವುದಿಲ್ಲ. ಹಗುರವಾಗಿ ಓಡುವಾಗ ದೊಡ್ಡ ಎಂಜಿನ್ ತನ್ನ ಥ್ರಾಟಲನ್ನು ಬಹುತೇಕ ಮುಚ್ಚಿಕೊಂಡು, ಗಾಳಿ ಸೇದಲು ತನ್ನ ಶಕ್ತಿಯನ್ನೇ ವ್ಯಯಿಸುತ್ತದೆ. ಸಣ್ಣ ಎಂಜಿನ್‌ಗೆ ಆ ನಷ್ಟ ಕಡಿಮೆ. ಆದ್ದರಿಂದ ಸಣ್ಣ ಟರ್ಬೋ ಎಂಜಿನ್ ಈ ಪರೀಕ್ಷೆಯಲ್ಲಿ ಮಿಂಚುತ್ತಿತ್ತು. ರಸ್ತೆಯಲ್ಲಿ ಬಲ ಕೇಳಿದೊಡನೆ ಟರ್ಬೋ ಗಾಳಿ ತುಂಬುತ್ತದೆ, ಗಾಳಿಗೆ ತಕ್ಕ ಪೆಟ್ರೋಲ್ ಹೋಗುತ್ತದೆ, ಜೋರಾಗಿ ಓಡಿಸಿದರೆ ಟರ್ಬೈನ್ ಸುಡದಿರಲೆಂದು ಇನ್ನಷ್ಟು ಪೆಟ್ರೋಲ್ ಹೋಗುತ್ತದೆ. ಟರ್ಬೋದಿಂದ ಉಳಿತಾಯ ಆಗಿಯೇ ಇಲ್ಲ ಎನ್ನುತ್ತಿಲ್ಲ, ಆಗಿದೆ. ಕಾಗದ ಹೇಳಿದಷ್ಟು ಆಗಲಿಲ್ಲ. 2017ರಿಂದ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಹೆಚ್ಚು ಉದ್ದ, ಹೆಚ್ಚು ವೇಗ, ಹೆಚ್ಚು ಪ್ರಾಮಾಣಿಕ. ಆದರೆ ಅದರೊಳಗೆ ಇನ್ನೊಂದು ಸಡಿಲ ಗಂಟು ಉಳಿಯಿತು.

ಬ್ಯಾಟರಿಯ ಲೆಕ್ಕ

ಆರನೇ ಎಂ5 ನಾಲ್ಕೂ ಚಕ್ರಗಳಿಗೆ ಬಲ ಹಂಚಿತು, 600 ಅಶ್ವಶಕ್ತಿ ಕೊಟ್ಟಿತು, ತೂಕವನ್ನು 1,855 ಕೆ.ಜಿ.ಗೆ ಹಿಡಿದಿಟ್ಟಿತು. ಅಲ್ಲಿಂದ ಏಳನೆಯದಕ್ಕೆ ಬಂದರೆ ಒಮ್ಮೆಲೇ ಸುಮಾರು 580 ಕೆ.ಜಿ. ಏರಿಕೆ. ಇದರಲ್ಲಿ ಎಲ್ಲವೂ ಬ್ಯಾಟರಿಯದಲ್ಲ. ಕಾರು ದೊಡ್ಡದಾಗಿದೆ, ಮೋಟರ್ ಬಂದಿದೆ, ಇವುಗಳನ್ನೆಲ್ಲ ಹೊರಲು ದೇಹ ಗಟ್ಟಿಯಾಗಿದೆ. ಆದರೆ ಸರಪಳಿಯ ಮೊದಲ ಕೊಂಡಿ 18.6 ಕಿಲೋವಾಟ್ ಗಂಟೆಯ ಬ್ಯಾಟರಿ. ಅದರಿಂದ ಕಾರು ಪೆಟ್ರೋಲ್ ಮುಟ್ಟದೆ 65 ಕಿ.ಮೀ.ಗೂ ಹೆಚ್ಚು ಓಡುತ್ತದೆ.

ಇಷ್ಟು ದೊಡ್ಡ ಬ್ಯಾಟರಿ ಏಕೆ? ವೇಗಕ್ಕೆ ಅಲ್ಲ. ಮೋಟರ್ ಕ್ಷಣಮಾತ್ರ ಒದಗಿಸುವ ಬಲಕ್ಕೆ ಅದರ ಸಣ್ಣ ಭಾಗವೂ ಸಾಕು. ಉತ್ತರ ಇರುವುದು ಎಂಜಿನ್ ಮತ್ತು ಮೋಟರ್ ಎರಡೂ ಇದ್ದು ಹೊರಗಿನಿಂದ ಚಾರ್ಜ್ ಮಾಡಬಹುದಾದ ಪ್ಲಗ್‌-ಇನ್ ಹೈಬ್ರಿಡ್‌ಗಳ ಇಂಗಾಲವನ್ನು ಎಣಿಸುವ ವಿಧಾನದಲ್ಲಿ. ಬ್ಯಾಟರಿ ತುಂಬಿದ್ದಾಗ ಒಮ್ಮೆ, ಬರಿದಾದಾಗ ಒಮ್ಮೆ ಅಳೆದು, ಮಾಲೀಕ ಒಟ್ಟು ದೂರದಲ್ಲಿ ಎಷ್ಟು ಪಾಲನ್ನು ವಿದ್ಯುತ್ತಿನಲ್ಲಿ ಓಡಿಸುತ್ತಾನೆ ಎಂಬ ಊಹೆಯಂತೆ ಎರಡನ್ನೂ ಬೆರೆಸುತ್ತಾರೆ. ಬ್ಯಾಟರಿಯ ವ್ಯಾಪ್ತಿ ಹೆಚ್ಚಿದಷ್ಟೂ ಊಹೆಯ ಪಾಲು ಹೆಚ್ಚು, ಅಂಕಿ ಕಡಿಮೆ. ಹೀಗಾಗಿ 727 ಅಶ್ವಶಕ್ತಿಯ, ಎರಡೂವರೆ ಟನ್ನಿಗೆ ಹತ್ತಿರದ ಈ ಕಾರಿನ ಅಧಿಕೃತ ಇಂಗಾಲ ಕಿಲೋಮೀಟರಿಗೆ 40 ಗ್ರಾಂಗಿಂತ ಕಡಿಮೆ. ಪುಟ್ಟ ಪೆಟ್ರೋಲ್ ಕಾರಿಗಿಂತಲೂ ಕಡಿಮೆ. ಬ್ಯಾಟರಿ ಬರಿದಾದ ಮೇಲೆ ಅದೇ ಕಾರು 100 ಕಿ.ಮೀ.ಗೆ ಹತ್ತು ಲೀಟರ್ ದಾಟುತ್ತದೆ.

ಪ್ರತಿ ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿ, ಬೆಳಿಗ್ಗೆ 30 ಕಿ.ಮೀ. ದೂರದ ಕಚೇರಿಗೆ ಹೋಗಿಬರುವವನ ಮಟ್ಟಿಗೆ ಈ ಲೆಕ್ಕ ನಿಜವೇ. ಆದರೆ ಎಲ್ಲರೂ ಹಾಗೆ ಮಾಡುತ್ತಿಲ್ಲ. ಕಾರುಗಳಲ್ಲೇ ಇರುವ ಇಂಧನ ಮಾಪಕಗಳಿಂದ ಸಂಗ್ರಹಿಸಿದ ಮಾಹಿತಿಯನ್ನು ಆಧರಿಸಿ ಐರೋಪ್ಯ ಆಯೋಗ 2024ರಲ್ಲಿ ವರದಿ ಹೊರತಂದಿತು: ಪ್ಲಗ್‌-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳುವ ಇಂಗಾಲ ಪ್ರಯೋಗಾಲಯದ ಅಂಕಿಯ ಸರಾಸರಿ ಮೂರೂವರೆ ಪಟ್ಟು. ಅದಾದ ಮೇಲೆ ಈ ಊಹೆಯ ಪಾಲನ್ನು 2025ರಿಂದ ಹೊಸ ಮಾದರಿಗಳಿಗೆ ಬಿಗಿಗೊಳಿಸಲಾಗಿದೆ. ತಡವಾದರೂ ಸರಿಯಾದ ಹೆಜ್ಜೆ.

ಬಲವನ್ನು ತೂಕದಿಂದ ಭಾಗಿಸಿ ನೋಡಿದರೆ ಏಳು ಪೀಳಿಗೆಗಳ ಕಥೆ ಹೀಗಿದೆ. ಮೊದಲ ಎಂ5ನಲ್ಲಿ ಟನ್ನಿಗೆ 200 ಅಶ್ವಶಕ್ತಿ. ವಿ8ರಲ್ಲಿ ಸುಮಾರು 223. ವಿ10ರಲ್ಲಿ 289. ಟರ್ಬೋ ಬಂದಾಗ, 1,870 ಕೆ.ಜಿ. ಕಾರಿನಲ್ಲಿ, 299. ಆರನೆಯದರಲ್ಲಿ 323. ಏಳನೆಯದರಲ್ಲಿ ಮತ್ತೆ 299. ಅಂದರೆ ಹದಿಮೂರು ವರ್ಷಗಳಲ್ಲಿ ಸೇರಿಸಿದ 167 ಅಶ್ವಶಕ್ತಿಯನ್ನು ಅದೇ ಅವಧಿಯಲ್ಲಿ ಸೇರಿದ 565 ಕೆ.ಜಿ. ಪೂರ್ತಿ ತಿಂದುಹಾಕಿದೆ. ಭಾರತದಲ್ಲಿ ಸುಮಾರು ಎರಡು ಕೋಟಿ ರೂಪಾಯಿಗೆ ಬಿಡುಗಡೆಯಾದ ಈ ಕಾರು ಬಲ ಮತ್ತು ತೂಕದ ಅನುಪಾತದಲ್ಲಿ 2011ರ ಕಾರಿನ ಜಾಗದಲ್ಲೇ ನಿಂತಿದೆ.

ಕಾರು ಚೆನ್ನಾಗಿ ಓಡುವುದಿಲ್ಲ ಎಂದಲ್ಲ. ತಿರುವಿನಲ್ಲಿ ಹಿಂದಿನ ಚಕ್ರಗಳೂ ದಿಕ್ಕು ಬದಲಿಸುತ್ತವೆ, ನಾಲ್ಕು ಚಕ್ರಗಳ ನಡುವೆ ಬಲ ಹಂಚಿಕೆಯಾಗುತ್ತದೆ, ಟೈರುಗಳು ಅಗಲ. ತೂಕವನ್ನು ಮರೆಸಲು ಬೇಕಾದ ವಿದ್ಯೆಯೆಲ್ಲ ಅದರಲ್ಲಿದೆ. ಆದರೆ ಭೌತಶಾಸ್ತ್ರಕ್ಕೆ ಮರೆವಿಲ್ಲ. ಒಂದೇ ವೇಗದಲ್ಲಿ ಓಡುವಾಗ ಮೊದಲ ಎಂ5ಗಿಂತ ಇದರಲ್ಲಿ 1.7 ಪಟ್ಟು ಚಲನಶಕ್ತಿ ಇರುತ್ತದೆ. ಬ್ರೇಕ್ ಹಾಕಿದಾಗ ಅಷ್ಟನ್ನೂ ಎಲ್ಲಾದರೂ ಕರಗಿಸಬೇಕು. ಹೈಬ್ರಿಡ್ ಆದ್ದರಿಂದ ಒಂದಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ, ಅದು ಒಳ್ಳೆಯದು. ಟೈರ್ ಸವೆತಕ್ಕೆ ಅಂಥ ಪರಿಹಾರವಿಲ್ಲ.

ಹೀಗೆ ಆಗಲೇಬೇಕಿತ್ತೇ? ಇಲ್ಲ. ಅದೇ 2024ರಲ್ಲಿ, ಅದೇ ಜರ್ಮನಿಯಲ್ಲಿ, ಪೋರ್ಷ ತನ್ನ 911 ಕರೆರಾ ಜಿಟಿಎಸ್ ಕಾರಿಗೆ ಹೈಬ್ರಿಡ್ ತಂದಿತು. ಅದರ ಬ್ಯಾಟರಿ ಬರೀ 1.9 ಕಿಲೋವಾಟ್ ಗಂಟೆಯದು, ಎಂ5ನದರ ಹತ್ತನೇ ಒಂದರಷ್ಟು. ಚಾರ್ಜ್ ಮಾಡಲು ಪ್ಲಗ್ಗೇ ಇಲ್ಲ. ಗೇರ್‌ಬಾಕ್ಸಿನೊಳಗೆ ಒಂದು ಮೋಟರ್, ಇನ್ನೊಂದು ಮೋಟರ್ ಟರ್ಬೋದ ಶಾಫ್ಟಿನ ಮೇಲೆಯೇ. ಆಕ್ಸಿಲರೇಟರ್ ತುಳಿದೊಡನೆ ಆ ಮೋಟರ್ ಟರ್ಬೋವನ್ನು ತಿರುಗಿಸಿಬಿಡುತ್ತದೆ, ಹೊಗೆಗಾಗಿ ಕಾಯುವುದಿಲ್ಲ. ಹೊಗೆ ಹೆಚ್ಚಾದಾಗ ಅದೇ ಮೋಟರ್ ಜನರೇಟರ್ ಆಗಿ ವಿದ್ಯುತ್ ತಯಾರಿಸುತ್ತದೆ. 2014ರಿಂದ ಫಾರ್ಮುಲಾ ಒನ್ ಎಂಜಿನ್‌ಗಳಲ್ಲಿದ್ದ ಉಪಾಯ ಇದು. ದುಬಾರಿ, ಜಟಿಲ ಎಂದು 2026ರ ನಿಯಮಗಳಲ್ಲಿ ಅಲ್ಲಿ ಕೈಬಿಟ್ಟಿದ್ದಾರೆ. 1975ರ ಟರ್ಬೋ ಚಾಲಕರನ್ನು ಕಾಡಿದ್ದ ಆ ಕಾಯುವಿಕೆಗೆ ಅದೇ ಕಂಪನಿ ಐವತ್ತು ವರ್ಷಗಳ ನಂತರ ಕೊಟ್ಟ ಉತ್ತರವನ್ನು ನೋಡಿದರೆ ಮನಸ್ಸು ತುಂಬುತ್ತದೆ. ಒಟ್ಟು 541 ಅಶ್ವಶಕ್ತಿ. ತೂಕದ ಏರಿಕೆ ಸುಮಾರು 50 ಕೆ.ಜಿ. ಮಾತ್ರ. ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಹಿಂದಿನ ಜಿಟಿಎಸ್‌ಗಿಂತ 8.7 ಸೆಕೆಂಡ್ ಬೇಗ.

ಆದರೆ ನಿಯಮದ ಕಣ್ಣಿಗೆ ಈ 911 ಕೆಟ್ಟ ಕಾರು. ಪ್ಲಗ್ ಇಲ್ಲದ್ದರಿಂದ ಊಹೆಯ ಪಾಲು ಅದಕ್ಕೆ ದಕ್ಕುವುದಿಲ್ಲ. ಅಧಿಕೃತ ಇಂಗಾಲ 200 ಗ್ರಾಂ ಮೇಲೆಯೇ ಉಳಿಯುತ್ತದೆ. ಎಂಟುನೂರು ಕೆ.ಜಿ.ಗೂ ಮೀರಿ ಹೆಚ್ಚು ತೂಗುವ ಎಂ5 ಅದಕ್ಕಿಂತ ಐದಾರು ಪಟ್ಟು ಶುದ್ಧ ಎಂದು ಕಾಗದ ಹೇಳುತ್ತದೆ. ಇಂಥ ತಕ್ಕಡಿಯನ್ನು ಕೊಟ್ಟು, ಭಾರದ ಕಾರು ಏಕೆ ಮಾಡಿದಿರಿ ಎಂದು ಕಂಪನಿಗಳನ್ನು ಕೇಳಿ ಪ್ರಯೋಜನವಿಲ್ಲ. ಮರ್ಸಿಡಿಸ್-ಎಎಂಜಿ ಕೂಡ 2022ರಲ್ಲಿ ತನ್ನ ಸಿ63ರ ವಿ8 ತೆಗೆದು ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಮತ್ತು ಮೋಟರ್ ಕೂರಿಸಿತು. ಎಂಜಿನ್ ಒಂದೇ 476 ಅಶ್ವಶಕ್ತಿ ಕೊಡುತ್ತದೆ, ಲೀಟರಿಗೆ 238. ಎಂಜಿನಿಯರಿಂಗ್ ಸಾಧನೆಯಾಗಿ ಅದಕ್ಕೆ ಸಾಟಿ ಕಡಿಮೆ. ಒಟ್ಟು 680 ಅಶ್ವಶಕ್ತಿ, ಎರಡು ಟನ್ ಮೀರಿದ ತೂಕ. ಹಳೆಯ ವಿ8ರ ಅಭಿಮಾನಿಗಳು ಅದನ್ನು ತಮ್ಮದೆಂದು ಒಪ್ಪಿಕೊಳ್ಳಲಿಲ್ಲ.

ಇದರ ನಡುವೆ ಅಶ್ವಶಕ್ತಿಯ ಬೆಲೆಯೇ ಕುಸಿದಿದೆ. 2021ರ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಮೂರು ಮೋಟರ್‌ಗಳಿಂದ ಸಾವಿರಕ್ಕೂ ಹೆಚ್ಚು ಅಶ್ವಶಕ್ತಿ ಕೊಟ್ಟಿತು, ಅದೂ ಈ ಎಂ5ಗಿಂತ ಕಡಿಮೆ ತೂಕದಲ್ಲಿ. ವಿದ್ಯುತ್ ಮೋಟರಿನಲ್ಲಿ ಬಲ ಹೆಚ್ಚಿಸುವುದಕ್ಕೆ ಹತ್ತು ಥ್ರಾಟಲ್ ಬೇಡ, ಬಿಸಿ ಕಣಿವೆಯಲ್ಲಿ ಟರ್ಬೋ ಕೂರಿಸುವ ಜಾಣ್ಮೆಯೂ ಬೇಡ. ಹುಂಡೈ ಐಯಾನಿಕ್ 5 ಎನ್ ಎಂಬ ವಿದ್ಯುತ್ ಕಾರು ಇಲ್ಲದ ಗೇರುಗಳನ್ನು ಇರುವಂತೆ ನಟಿಸಿ, ಚಾಲಕನಿಗೆ ಮಾಡಲು ಏನಾದರೂ ಕೆಲಸ ಕೊಡುತ್ತದೆ. 500, 600, 700 ಎಂಬ ಸಂಖ್ಯೆಗಳು ಪರಿಶ್ರಮದ ಗುರುತಾಗಿದ್ದ ಕಾಲ ಮುಗಿಯಿತು. ಇನ್ನು ಎಂಜಿನಿಯರ್‌ನ ಕಸುಬು ಪರೀಕ್ಷೆಗೆ ಒಳಗಾಗುವುದು ಕೆ.ಜಿ.ಗಳಲ್ಲಿ. ಗಾರ್ಡನ್ ಮರ‍್ರೆ 1992ರಲ್ಲಿ ಮೆಕ್‌ಲಾರೆನ್ ಎಫ್1 ಕಾರನ್ನು 1,138 ಕೆ.ಜಿ.ಗೆ ಕಟ್ಟಿದರು, ಅದರ ವಿ12 ಎಂಜಿನ್ ಅದೇ ಪಾಲ್ ರೋಶೆ ಅವರದು. ಗಂಟೆಗೆ 386 ಕಿ.ಮೀ. ಮುಟ್ಟಿದ ಆ ಕಾರಿಗೆ ಟರ್ಬೋ ಇರಲಿಲ್ಲ, ಬ್ಯಾಟರಿ ನೆರವಿರಲಿಲ್ಲ, 627 ಅಶ್ವಶಕ್ತಿಯೇ ಸಾಕಾಯಿತು.

ನಿಯಮ ತೂಕವನ್ನು ಅಳೆಯಲು ಸಾಧ್ಯವಿಲ್ಲವೆಂದಲ್ಲ. ಫ್ರಾನ್ಸ್ 2022ರಲ್ಲಿ 1,800 ಕೆ.ಜಿ. ಮೀರಿದ ಹೊಸ ಕಾರುಗಳ ಮೇಲೆ ತೂಕದ ತೆರಿಗೆ ಹಾಕಿತು. 2024ರಲ್ಲಿ ಆ ಮಿತಿಯನ್ನು 1,600ಕ್ಕೆ ಇಳಿಸಿತು. 2026ರ ನವೆಂಬರ್‌ನಿಂದ ಹೊಸ ಮಾದರಿಗಳಿಗೆ ಜಾರಿಯಾಗುವ ಯೂರೋ 7 ನಿಯಮ ಮೊದಲ ಬಾರಿಗೆ ಬ್ರೇಕ್‌ನಿಂದ ಏಳುವ ಧೂಳನ್ನೂ ಟೈರ್ ಸವೆತವನ್ನೂ ಲೆಕ್ಕಕ್ಕೆ ತರುತ್ತದೆ. ಕೆಟಲಿಟಿಕ್ ಕನ್ವರ್ಟರ್ ವಿಷಯದಲ್ಲಿ ಆದಂತೆ, ನಿಜವಾದ ಹೊರೆಯನ್ನು ಅಳೆದರೆ ಎಂಜಿನಿಯರ್‌ಗಳು ಅದಕ್ಕೂ ದಾರಿ ಹುಡುಕುತ್ತಾರೆ ಎಂಬ ಭರವಸೆ ನನಗಿದೆ.

ನಮ್ಮಲ್ಲಿಯೂ ಎಂಜಿನ್‌ಗಳನ್ನು ರೂಪಿಸಿರುವುದು ತೆರಿಗೆಯೇ. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರಿಗಿಂತ ಗಿಡ್ಡದಾದ, 1,200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳಿಗೆ ಅಬಕಾರಿ ಸುಂಕ ತಗ್ಗಿಸಿತು. ಹಿಂಬದಿಯನ್ನು ಕತ್ತರಿಸಿದಂತೆ ಕಾಣುವ ಗಿಡ್ಡ ಸೆಡಾನ್‌ಗಳು, ನಾಲ್ಕು ಮೀಟರಿನೊಳಗೆ ಹಿಡಿಸಿದ ಎಸ್‌ಯುವಿಗಳು, 1.0 ಮತ್ತು 1.2 ಲೀಟರಿನ ಟರ್ಬೋ ಎಂಜಿನ್‌ಗಳು ಬೆಳೆದದ್ದು ಆ ಗೆರೆಯೊಳಗೆ. ಟಾಟಾ ನೆಕ್ಸಾನ್‌ನ 1,199 ಸಿಸಿ ಟರ್ಬೋ ಎಂಜಿನ್ 120 ಅಶ್ವಶಕ್ತಿ ಕೊಡುತ್ತದೆ. 1989ರಲ್ಲಿ ಹೋಂಡಾ ದಾಟಿದ ಲೀಟರಿಗೆ ನೂರರ ಗಡಿಯನ್ನು ಇಂದು ದಾವಣಗೆರೆಯ ಮನೆಮುಂದೆ ನಿಂತ ಕಾರು ಮುಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ಈ ಗೆರೆಯೊಳಗಿನ ಕಾರುಗಳಿಗೆ ಜಿಎಸ್‌ಟಿ ಶೇ 18, ಆಚೆಗಿನ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಶೇ 40. ಗೆರೆ ಎಳೆದಿರುವುದು ಉದ್ದ ಮತ್ತು ಸಿಸಿಯ ಮೇಲೆ, ತೂಕದ ಪ್ರಸ್ತಾಪವಿಲ್ಲ.

ಕಂಪನಿಗಳ ಸರಾಸರಿ ಇಂಧನ ಬಳಕೆಗೆ ಮಿತಿ ಹಾಕುವ ನಮ್ಮ ಕೆಫೆ ನಿಯಮದಲ್ಲಿ ತೂಕ ಇದೆ, ಆದರೆ ತಿರುಗುಮುರುಗಾಗಿ: ಮಾರುವ ಕಾರುಗಳ ಸರಾಸರಿ ತೂಕ ಹೆಚ್ಚಿದಂತೆ ಕಂಪನಿಗೆ ಸಿಗುವ ಇಂಗಾಲದ ಗುರಿ ಸಡಿಲವಾಗುತ್ತದೆ. ಭಾರದ ಕಾರು ಮಾಡಿದವರಿಗೆ ರಿಯಾಯಿತಿ ಕೊಡುವ ಸೂತ್ರವಿದು. ಮೂರನೇ ಹಂತದ ಕೆಫೆ 2027ರ ಏಪ್ರಿಲ್‌ನಿಂದ ಜಾರಿಗೆ ಬರಬೇಕಿದ್ದು, 2025ರ ಸೆಪ್ಟೆಂಬರ್‌ನ ಕರಡಿನಲ್ಲಿ 909 ಕೆ.ಜಿ.ವರೆಗಿನ ಪುಟ್ಟ ಕಾರುಗಳಿಗೆ ಒಂದಿಷ್ಟು ವಿನಾಯಿತಿ ಸೂಚಿಸಿದಾಗ ಕಂಪನಿಗಳು ಎರಡು ಬಣಗಳಾದವು. ಚರ್ಚೆ ಆ 909 ಎಂಬ ಸಂಖ್ಯೆ ಯಾರಿಗೆ ಲಾಭ ಎಂಬಲ್ಲಿಗೇ ಸಿಕ್ಕಿಕೊಂಡಿತು. ಪ್ರಶ್ನೆ ಎದ್ದಿರಬೇಕಾಗಿದ್ದದ್ದು ಅದಕ್ಕಿಂತ ಮೇಲಿನ ಸಾಲಿನ ಬಗ್ಗೆ, ತೂಕ ಏರಿದಂತೆ ಗುರಿಯನ್ನು ಸಡಿಲಿಸುವ ಆ ಸೂತ್ರದ ಬಗ್ಗೆಯೇ.